ಕೋಳಿಗೆ ಜರ್ದಾಳು ಹಣ್ಣು: ಪಾರ್ಸಿಗಳ ಹುಳಿ-ಸಿಹಿ ಚಿಕನ್ ಮನೆಯಲ್ಲೇ ಮಾಡುವ ಬಗೆ

ಈ ಅಡುಗೆಯ ಬಗ್ಗೆ ಕೇಳುವವರಲ್ಲಿ ಎರಡು ಗುಂಪು. ಇನ್ನೂ ಮಾಡದವರು ಕೇಳುವುದು, "ಕೋಳಿಗೆ ಹಣ್ಣು ಹಾಕಿದರೆ ಪಾಯಸದ ಹಾಗೆ ಆಗಲ್ವಾ?" ಒಂದು ಸಲ ಮಾಡಿ ನೋಡಿದವರು ಕೇಳುವುದು, "ಪಾಯಸದ ಹಾಗೇ ಆಯ್ತು, ಈಗೇನು ಮಾಡಲಿ?" ಎರಡಕ್ಕೂ ಉತ್ತರ ಒಂದೇ. ಹಣ್ಣನ್ನು ಕೊನೆಗೆ ಹಾಕಿ. ಕೋಳಿ ಬೆಂದ ಮೇಲೆ, ಹುಳಿ ಉಪ್ಪು ಸರಿಯಾದ ಮೇಲೆ. ಇದೊಂದನ್ನು ನೆನಪಿಟ್ಟುಕೊಂಡರೆ ಮಿಕ್ಕ ಕೆಲಸ ನೀವು ದಿನಾ ಮಾಡುವ ಚಿಕನ್ ಸಾರಿಗಿಂತ ಕಷ್ಟವೇನಲ್ಲ.

ಪಾರ್ಸಿಗಳು ಇದನ್ನು ಜರ್ದಾಳು ಮಾ ಮರ್ಘಿ ಅನ್ನುತ್ತಾರೆ. ಗುಜರಾತಿಯಲ್ಲಿ "ಮಾ" ಅಂದರೆ ಒಳಗೆ, ಮರ್ಘಿ ಅಂದರೆ ಕೋಳಿ. ಜರ್ದಾಳು ಅನ್ನುವುದು ಫಾರಸಿಯಿಂದ ಬಂದ ಮಾತು: ಜರ್ದ್ ಅಂದರೆ ಹಳದಿ, ಆಲೂ ಅಂದರೆ ಪ್ಲಮ್ ಜಾತಿಯ ಹಣ್ಣು. ಆಲೂಬುಖಾರದಲ್ಲಿ ಇರುವುದೂ ಇದೇ ಆಲೂ. ನಮ್ಮ ಆಲೂಗಡ್ಡೆಯ ಆಲೂ ಬೇರೆ. ತಮಾಷೆ ಅಂದರೆ ಈ ಅಡುಗೆಯ ಮೇಲೆ ಕೊನೆಗೆ ಆಲೂಗಡ್ಡೆಯೂ ಬಂದು ಕೂರುತ್ತದೆ. ಅಂಗಡಿಯಲ್ಲಿ ಏಪ್ರಿಕಾಟ್ ಅಂತ ಕೇಳಿದರೆ ಸಿಗುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೆ ಖುಬಾನಿ ಅಂದರೆ ಸಾಕು. ಹೈದರಾಬಾದಿ ಮದುವೆ ಊಟದ ಖುಬಾನಿ ಕಾ ಮೀಠಾ ಇದೇ ಹಣ್ಣಿನದು.

ಪಾರ್ಸಿಗಳ ಪೂರ್ವಜರು ಇರಾನಿನಿಂದ ಹಡಗಿನಲ್ಲಿ ಬಂದು ಗುಜರಾತಿನ ಸಂಜಾನ್‌ನಲ್ಲಿ ಇಳಿದರು ಅನ್ನುವುದು ಅವರು ಹೇಳಿಕೊಂಡು ಬಂದ ಕಥೆ. ಮಾಂಸದ ಜೊತೆ ಹಣ್ಣು ಬೇಯಿಸುವುದು ಇರಾನಿನ ಹಳೇ ರೂಢಿ. ಬೆಲ್ಲ, ಕಬ್ಬಿನ ವಿನೆಗರ್, ಒಣಮೆಣಸಿನಕಾಯಿ ಸೇರಿಕೊಂಡಿದ್ದು ಈ ಕಡೆ ಬಂದ ಮೇಲೆ. ನಮಗಂತೂ ಹುಳಿ, ಸಿಹಿ, ಖಾರ ಒಂದೇ ತುತ್ತಿನಲ್ಲಿ ಬರುವುದು ಹೊಸದೇನಲ್ಲ. ಅನಾನಸ್ ಗೊಜ್ಜು, ಕರಾವಳಿಯ ಮೆಣಸ್ಕಾಯಿ ತಿಂದು ಬೆಳೆದ ನಾಲಿಗೆ ನಮ್ಮದು. ಅದರ ಪಕ್ಕದಲ್ಲಿ ಕೋಳಿ ಇದ್ದು ಅಭ್ಯಾಸವಿಲ್ಲ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕುರ್ಮಾ ಅಲ್ಲ. ತೆಂಗಿನಕಾಯಿ ಇಲ್ಲ, ಗೋಡಂಬಿ ಪೇಸ್ಟ್ ಇಲ್ಲ, ಕ್ರೀಮ್ ಇಲ್ಲ. ಹಣ್ಣು ಅಂದ ತಕ್ಷಣ "ಶಾಹಿ" ಅಂದುಕೊಂಡು ಗೋಡಂಬಿ ರುಬ್ಬಲು ಹೊರಡಬೇಡಿ. ಹಣ್ಣಿನ ಹುಳಿ ನಾಲಿಗೆಗೆ ತಾಗಬೇಕಾದರೆ ರಸ ತೆಳ್ಳಗೆ, ಹಗುರವಾಗಿ ಇರಬೇಕು. ಗೋಡಂಬಿ ಹಾಕಿದರೆ ಆ ಹುಳಿ ಮಂಕಾಗಿ ಬರೀ ಸಿಹಿ ಉಳಿಯುತ್ತದೆ.

ಹಣ್ಣು ತರುವಾಗ

ಇಲ್ಲಿ ಸ್ವಲ್ಪ ನಿಧಾನಿಸಿ. ಅಡುಗೆ ಕೆಡುವುದು ಒಲೆ ಹತ್ತಿಸುವ ಮೊದಲೇ, ಅಂಗಡಿಯಲ್ಲಿ.

ಒಣ ಜರ್ದಾಳು ಎರಡು ಥರ ಸಿಗುತ್ತದೆ. ಒಂದು ಕಂದು ಬಣ್ಣದ್ದು. ಮುದುಡಿಕೊಂಡು, ಗಟ್ಟಿಯಾಗಿ, ಒಳಗೆ ಬೀಜ ಇರುವಂಥದ್ದು. ಅಫ್ಘಾನಿಸ್ತಾನ, ಕಾಶ್ಮೀರ, ಲಡಾಖ್ ಕಡೆಯಿಂದ ಬರುತ್ತದೆ. ನೋಡಲು ಚೆನ್ನಾಗಿರಲ್ಲ, ಹಳೇ ಗೋಲಿಯ ಹಾಗೆ ಕಾಣುತ್ತದೆ. ಇನ್ನೊಂದು ಕಿತ್ತಳೆ ಬಣ್ಣದ್ದು. ಮೆತ್ತಗೆ, ಚಪ್ಪಟೆಯಾಗಿ, ಬೀಜ ತೆಗೆದಿರುತ್ತದೆ. ಇದು ಹೆಚ್ಚಾಗಿ ಟರ್ಕಿಯದು. ಬಣ್ಣ ಕೆಡದಿರಲಿ ಅಂತ ಇದಕ್ಕೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಕೊಡದಿದ್ದರೆ ಇದೂ ಒಣಗುತ್ತಾ ಕಂದಾಗುತ್ತದೆ.

ಈ ಅಡುಗೆಗೆ ನನ್ನ ಓಟು ಕಂದು ಹಣ್ಣಿಗೆ. ನೆನೆಸಿದ ಮೇಲೆ ಉಬ್ಬಿ, ಒಳಗೆ ಜೇನಿನಂಥ ತಿರುಳು ಬಿಡುತ್ತದೆ. ಆದರೆ ಕಿತ್ತಳೆ ಹಣ್ಣು ಕೆಟ್ಟದ್ದೇನಲ್ಲ. ಅದರಲ್ಲಿ ಹುಳಿ ಜಾಸ್ತಿ, ಕೆಲಸ ಕಡಿಮೆ. ವಿದೇಶದಲ್ಲಿ ಇರುವವರಿಗೆ ಸುಲಭವಾಗಿ ಸಿಗುವುದೂ ಅದೇ. ಒಂದು ಎಚ್ಚರಿಕೆ: ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಗಂಧಕ ಹಾಕಿದ ಹಣ್ಣು ಕೆಲವರಿಗೆ ಉಬ್ಬಸ ತರಿಸುತ್ತದೆ. ಅವರಿಗೆ ಕಂದು ಹಣ್ಣೇ ಸರಿ.

ತರಬಾರದ್ದು ಮೂರನೆಯದು. ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ, ಮೈಮೇಲೆ ಸಕ್ಕರೆ ಹೊಳೆಯುವ ಹಣ್ಣು. ಬೆಲೆ ಕಡಿಮೆ ಅಂತ ತಂದರೆ ನಿಮ್ಮ ಕೋಳಿ ಜಾಮ್ ಆಗುತ್ತದೆ. ಪೊಟ್ಟಣದ ಹಿಂದೆ ಸಕ್ಕರೆ ಅಂತ ಬರೆದಿದೆಯಾ ನೋಡಿ.

ಬೇಕಾಗುವ ಸಾಮಾನು (4ರಿಂದ 5 ಜನಕ್ಕೆ)

ಕೋಳಿ 1 ಕೆಜಿ, ಚರ್ಮ ತೆಗೆದು, ಮೂಳೆ ಸಮೇತ, ಸಾರಿಗೆ ಹಾಕುವ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ತುಂಡು
ಜರ್ದಾಳು: ಬೀಜ ಇರುವ ಕಂದು ಹಣ್ಣಾದರೆ 200 ಗ್ರಾಂ, ಬೀಜ ಇಲ್ಲದ ಕಿತ್ತಳೆ ಹಣ್ಣಾದರೆ 120 ಗ್ರಾಂ
ಈರುಳ್ಳಿ ಮಧ್ಯಮ ಗಾತ್ರದ್ದು 3
ಟೊಮೆಟೊ 2
ಬ್ಯಾಡಗಿ ಮೆಣಸಿನಕಾಯಿ 7 ಅಥವಾ 8
ಜೀರಿಗೆ ಒಂದೂವರೆ ಚಮಚ
ಬೆಳ್ಳುಳ್ಳಿ 10 ಎಸಳು, ಶುಂಠಿ ಒಂದೂವರೆ ಇಂಚು
ಚಕ್ಕೆ 2 ಇಂಚು, ಏಲಕ್ಕಿ 4, ಲವಂಗ 4
ಕಬ್ಬಿನ ವಿನೆಗರ್ 2 ದೊಡ್ಡ ಚಮಚ
ಬೆಲ್ಲ 1 ಚಮಚ (ಬೇಕಾಗದೆಯೂ ಇರಬಹುದು)
ಎಣ್ಣೆ 3 ದೊಡ್ಡ ಚಮಚ, ಉಪ್ಪು
ಮೇಲಕ್ಕೆ ಹಾಕಲು ಆಲೂಗಡ್ಡೆ ದೊಡ್ಡದು 3, ಕರಿಯಲು ಎಣ್ಣೆ

ಚಮಚ ಅಂದರೆ ಟೀ ಚಮಚ, ದೊಡ್ಡ ಚಮಚ ಅಂದರೆ ಅದರ ಮೂರರಷ್ಟು.

ಮೆಣಸಿನಕಾಯಿ ವಿಚಾರ. ಮುಂಬೈಯಲ್ಲಿ ಇದಕ್ಕೆ ಸಾಮಾನ್ಯವಾಗಿ ಕಾಶ್ಮೀರಿ ಮೆಣಸಿನಕಾಯಿ ಹಾಕುತ್ತಾರೆ, ಬಣ್ಣ ಜಾಸ್ತಿ ಖಾರ ಕಡಿಮೆ ಅಂತ. ನಮ್ಮ ಬ್ಯಾಡಗಿ ಇರುವಾಗ ಕಾಶ್ಮೀರದವರೆಗೆ ಯಾಕೆ ಹೋಗಬೇಕು? ಗಿಡ್ಡಗೆ ದಪ್ಪಗಿರುವ ಡಬ್ಬಿ ಬ್ಯಾಡಗಿ ಸಿಕ್ಕರೆ ಇನ್ನೂ ಒಳ್ಳೆಯದು. ಗುಂಟೂರು ಮಾತ್ರ ಬೇಡ. ಖಾರ ಮುಂದೆ ನಿಂತರೆ ಹಣ್ಣು ಹಿಂದೆ ಸರಿಯುತ್ತದೆ.

ಕಬ್ಬಿನ ವಿನೆಗರ್‌ಗೆ ಪಾರ್ಸಿಗಳು ಸರ್ಕೊ ಅನ್ನುತ್ತಾರೆ. ಗುಜರಾತಿನ ನವಸಾರಿಯ ಕೋಲಾ ಅವರದು 1885ರಿಂದ ನಡೆದುಬಂದ ಹೆಸರು. ಬಣ್ಣ ಕಪ್ಪು ಚಹಾದ ಹಾಗೆ, ವಾಸನೆ ಚುರುಕು. ಸಿಗದಿದ್ದರೆ ಸೇಬಿನ ವಿನೆಗರ್ ನಡೆಯುತ್ತದೆ. ವಿದೇಶದಲ್ಲಿರುವವರು ಫಿಲಿಪೀನ್ಸ್‌ನವರ ದಿನಸಿ ಅಂಗಡಿಯಲ್ಲಿ ಕೇಳಿ, ಅವರೂ ಕಬ್ಬಿನ ವಿನೆಗರ್ ಬಳಸುತ್ತಾರೆ. ಬಿಳಿ ಸಿಂಥೆಟಿಕ್ ವಿನೆಗರ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದರೆ ಅರ್ಧದಷ್ಟೇ ಹಾಕಿ, ಮಿಕ್ಕ ಹುಳಿಗೆ ನಿಂಬೆಹಣ್ಣು ಹಿಂಡಿ. ಹುಣಸೆಹಣ್ಣು ಬೇಡ. ಹಾಕಿದರೆ ರುಚಿ ಚೆನ್ನಾಗೇ ಇರುತ್ತದೆ, ಆದರೆ ಅದು ಗೊಜ್ಜು ಆಗುತ್ತದೆ.

ಹಂತ 1: ಹಣ್ಣು ನೆನೆಸುವುದು

ಕಂದು ಹಣ್ಣಾದರೆ ಹಿಂದಿನ ರಾತ್ರಿಯೇ ನೆನೆಸಿ. ಮೊದಲು ಎರಡು ಸಲ ತೊಳೆಯಿರಿ, ಮಣ್ಣು ಮರಳು ಇದ್ದೇ ಇರುತ್ತದೆ. ಆಮೇಲೆ ಹಣ್ಣು ಮುಳುಗಿ ಒಂದು ಇಂಚು ಮೇಲೆ ನಿಲ್ಲುವಷ್ಟು ಉಗುರುಬೆಚ್ಚಗಿನ ನೀರು ಹಾಕಿ. ತಕ್ಷಣ ಬೇಕು ಅಂದರೆ ಬಿಸಿ ನೀರಿನಲ್ಲಿ 3ರಿಂದ 4 ಗಂಟೆ. ಕಿತ್ತಳೆ ಹಣ್ಣಿಗೆ ಮುಕ್ಕಾಲು ಗಂಟೆ ಸಾಕು. ಅದನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಲೊಳಲೊಳ ಆಗಿರುತ್ತದೆ.

ನೆಂದ ಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಸಿಪ್ಪೆ ಬಿಗಿಯಾಗಿ ಉಬ್ಬಿರಬೇಕು, ಒತ್ತಿದರೆ ಒಳಗೆ ಬೀಜ ಜಾರುವುದು ಕೈಗೆ ತಿಳಿಯಬೇಕು. ತೊಟ್ಟಿನ ಕಡೆ ಚಿಕ್ಕದಾಗಿ ಸೀಳಿ ಹಿಂದಿನಿಂದ ಒತ್ತಿದರೆ ಬೀಜ ಪಿಚಕ್ಕನೆ ಹೊರಗೆ ಬರುತ್ತದೆ, ಹಣ್ಣು ಇಡಿಯಾಗಿ ಉಳಿಯುತ್ತದೆ. ಬೀಜ ತೆಗೆಯದೆ ಹಾಗೇ ಹಾಕುವವರೂ ಇದ್ದಾರೆ. ಆದರೆ ಊಟದ ಮಧ್ಯೆ ಕಲ್ಲಿನಂಥ ಬೀಜ ಕಡಿದು ಹಲ್ಲು ಹಿಡಿದುಕೊಳ್ಳುವ ನೆಂಟರು ನಿಮಗೆ ಬೇಡ ಅಂದರೆ ತೆಗೆದುಬಿಡಿ.

ನೆನೆಸಿದ ನೀರು ಚೆಲ್ಲಬೇಡಿ. ಚಹಾ ಬಣ್ಣಕ್ಕೆ ಬಂದಿರುತ್ತದೆ, ಹಣ್ಣಿನ ಅರ್ಧ ರುಚಿ ಅದರಲ್ಲೇ ಇದೆ. ಐದು ನಿಮಿಷ ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ತಳದಲ್ಲಿ ಮರಳು ಕೂತಿರುವುದು ನಿಮಗೇ ಕಾಣುತ್ತದೆ.

ಬೀಜದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಟ್ಟಿ ಬೀಜ ಒಡೆದರೆ ಒಳಗೆ ಬಾದಾಮಿಯಂಥ ಪುಟ್ಟ ತಿರುಳು ಇರುತ್ತದೆ. ಕೆಲವು ಜಾತಿಯಲ್ಲಿ ಅದು ಸಿಹಿ. ಲಡಾಖಿನಲ್ಲಿ ರಕ್ತ್ಸೆ ಕಾರ್ಪೊ ಅಂತ ಒಂದು ಜಾತಿ ಇದೆ. ಹೆಸರಿನ ಅರ್ಥವೇ ಬಿಳಿ ಬೀಜ, ಅದರ ತಿರುಳು ಸಿಹಿ. ಇನ್ನು ಕೆಲವು ಜಾತಿಯಲ್ಲಿ ತಿರುಳು ಕಹಿ. ಆ ಕಹಿಗೆ ಕಾರಣ ಅಮಿಗ್ಡಾಲಿನ್ ಅನ್ನುವ ವಸ್ತು, ಹೊಟ್ಟೆಗೆ ಹೋದ ಮೇಲೆ ಅದರಿಂದ ಸಯನೈಡ್ ವಿಷ ಹುಟ್ಟುತ್ತದೆ. ಹೊರಗಿನಿಂದ ನೋಡಿ ಯಾವುದು ಸಿಹಿ, ಯಾವುದು ಕಹಿ ಅಂತ ಹೇಳಲು ಬರುವುದಿಲ್ಲ. ಬಾದಾಮಿಯ ಹಾಗೆ ಅಲಂಕಾರಕ್ಕೆ ಹಾಕುವ ಆಸೆಯಿದ್ದರೆ ಸುಮ್ನೆ ನಿಜವಾದ ಬಾದಾಮಿಯನ್ನೇ ಹಾಕಿ. ಮಕ್ಕಳ ಕೈಗೆ ಈ ಬೀಜ ಒಡೆಯಲು ಕೊಡಬೇಡಿ.

ಹಂತ 2: ಮಸಾಲೆ ರುಬ್ಬಿ ಕೋಳಿಗೆ ಸವರುವುದು

ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು ಬಿಸಿ ನೀರಿನಲ್ಲಿ 15 ನಿಮಿಷ ನೆನೆಸಿ. ಜೀರಿಗೆ, ಶುಂಠಿ, ಬೆಳ್ಳುಳ್ಳಿ, 1 ದೊಡ್ಡ ಚಮಚ ವಿನೆಗರ್ ಸೇರಿಸಿ ನುಣ್ಣಗೆ ರುಬ್ಬಿ. ಮಿಕ್ಸಿ ತಿರುಗದಿದ್ದರೆ ಎರಡು ಚಮಚ ನೀರು, ಅದಕ್ಕಿಂತ ಬೇಡ.

ಇದರಲ್ಲಿ ಅರ್ಧ ಮಸಾಲೆಯನ್ನು 1 ಚಮಚ ಉಪ್ಪಿನ ಜೊತೆ ಕೋಳಿಗೆ ಸವರಿ, ಒಂದರಿಂದ ಎರಡು ಗಂಟೆ ಇಡಿ. ಬೇಸಿಗೆಯಾದರೆ ಫ್ರಿಜ್‌ನಲ್ಲಿ ಇಡಿ. ಇನ್ನರ್ಧ ಬಾಣಲೆಗೆ. ಮೊಸರು ಹಾಕಬಹುದಾ ಅಂತ ಕೇಳುತ್ತಾರೆ. ಬೇಡ, ಹುಳಿಗೆ ಹಣ್ಣು, ಟೊಮೆಟೊ, ವಿನೆಗರ್ ಮೂರು ಜನ ಆಗಲೇ ಇದ್ದಾರೆ.

ಕೋಳಿ ಕತ್ತರಿಸಿಕೊಳ್ಳುವಾಗ ಅಂಗಡಿಯವರಿಗೆ ಹೇಳಿ, 1 ಕೆಜಿಗೆ 12 ತುಂಡು ಸಾಕು. ತೀರಾ ಚಿಕ್ಕದಾಗಿ ಮಾಡಿಸಿದರೆ ಮೂಳೆ ಚೂರು ಬಿಡುತ್ತದೆ, ತೆಳು ರಸದಲ್ಲಿ ಅದು ಎದ್ದು ಕಾಣುತ್ತದೆ. ಬರೀ ಎದೆ ಮಾಂಸದಲ್ಲಿ ಮಾಡಬೇಡಿ, ಒಣಕಲಾಗುತ್ತದೆ. ಬರೀ ಲೆಗ್ ಪೀಸ್‌ನಲ್ಲಿ ಮಾಡಿದರೆ ಎಲ್ಲಕ್ಕಿಂತ ಚೆನ್ನ.

ಹಂತ 3: ಈರುಳ್ಳಿ

ದಪ್ಪ ತಳದ ಅಗಲ ಪಾತ್ರೆ ಇಡಿ. ಎಣ್ಣೆ ಕಾದ ಮೇಲೆ ಚಕ್ಕೆ, ಏಲಕ್ಕಿ, ಲವಂಗ ಹಾಕಿ. ಏಲಕ್ಕಿ ಉಬ್ಬಿದ ತಕ್ಷಣ ತೆಳ್ಳಗೆ ಉದ್ದುದ್ದ ಹೆಚ್ಚಿದ ಈರುಳ್ಳಿ, ಒಂದು ಚಿಟಿಕೆ ಉಪ್ಪು.

ಇಲ್ಲಿ 15ರಿಂದ 18 ನಿಮಿಷ ಕೊಡಬೇಕು. ಮಧ್ಯಮ ಉರಿ, ಆಗಾಗ ಕೈಯಾಡಿಸುವುದು. ಮೊದಲು ಈರುಳ್ಳಿ ಬಾಡಿ ಗಾಜಿನ ಹಾಗಾಗುತ್ತದೆ. ಆಮೇಲೆ ಅಂಚು ಹಳದಿ. ಆಮೇಲೆ ಇಡೀ ರಾಶಿ ಮುದ್ದೆಯಾಗಿ, ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣಕ್ಕೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಬಿರಿಯಾನಿಗೆ ಮಾಡುವ ಹಾಗೆ ಕಪ್ಪಗೆ ಕರಿದರೆ ಕಹಿ ಬರುತ್ತದೆ, ಹಣ್ಣಿನ ಪಕ್ಕದಲ್ಲಿ ಆ ಕಹಿ ಇನ್ನೂ ಜೋರಾಗಿ ಕೇಳಿಸುತ್ತದೆ.

ಅರ್ಜೆಂಟಿನಲ್ಲಿ ಹೆಚ್ಚಿನವರು ಮಾಡುವ ತಪ್ಪು ಏನಂದರೆ, ಈರುಳ್ಳಿ ಅರ್ಧ ಬೆಂದಾಗಲೇ ಟೊಮೆಟೊ ಸುರಿಯುವುದು. ಹುಳಿ ಬಿದ್ದ ಮೇಲೆ ಈರುಳ್ಳಿ ಮೆತ್ತಗಾಗುವುದು ನಿಧಾನವಾಗುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ರಸದಲ್ಲಿ ಎಳೆ ಎಳೆಯಾಗಿ ತೇಲುತ್ತಿರುತ್ತದೆ. ನಮ್ಮ ಸಾರುಗಳಲ್ಲಿ ತೆಂಗಿನಕಾಯಿ ಅದನ್ನು ಮುಚ್ಚಿಹಾಕುತ್ತದೆ, ಇಲ್ಲಿ ಮುಚ್ಚಲು ಏನೂ ಇಲ್ಲ.

ಹಂತ 4: ಮಸಾಲೆ, ಟೊಮೆಟೊ

ಉಳಿದ ಅರ್ಧ ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿಯಿರಿ, 3ರಿಂದ 4 ನಿಮಿಷ. ತಳ ಹಿಡಿಯುವಂತೆ ಕಂಡರೆ ಹಣ್ಣು ನೆನೆಸಿದ ನೀರು ಅಲ್ಲ, ಬರೀ ನೀರು ಒಂದು ಚಮಚ ಚಿಮುಕಿಸಿ. ಹಣ್ಣಿನ ನೀರಿನಲ್ಲಿ ಸಕ್ಕರೆ ಅಂಶ ಇರುತ್ತದೆ, ಈಗಲೇ ಹಾಕಿದರೆ ಸೀದು ಹೋಗುತ್ತದೆ. ಸಣ್ಣಗೆ ಹೆಚ್ಚಿದ ಟೊಮೆಟೊ ಹಾಕಿ ಕರಗಿ ಎಣ್ಣೆ ಬಿಡುವವರೆಗೆ ಬೇಯಿಸಿ.

ಹಂತ 5: ಕೋಳಿ

ಉರಿ ಜೋರು ಮಾಡಿ ಕೋಳಿ ಹಾಕಿ. 5 ನಿಮಿಷ ತಿರುಗಿಸುತ್ತಾ ಇದ್ದರೆ ತುಂಡುಗಳ ಮೈ ಬೆಳ್ಳಗಾಗಿ ಬಿಗಿಯುತ್ತದೆ. ಅರ್ಧ ಚಮಚ ಉಪ್ಪು, ಒಂದೂವರೆ ಲೋಟ ಬಿಸಿ ನೀರು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಓರೆಯಾಗಿ ಮುಚ್ಚಿ 20 ನಿಮಿಷ ಬಿಡಿ. ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು.

ಬೆಂದಿದೆಯಾ ಅಂತ ನೋಡಲು ದಪ್ಪ ಲೆಗ್ ಪೀಸ್ ತೆಗೆದು ಮೂಳೆಯ ಹತ್ತಿರ ಚಾಕುವಿನಿಂದ ಚುಚ್ಚಿ. ತಿಳಿ ರಸ ಬರಬೇಕು, ಕೆಂಪು ಅಲ್ಲ. ಅಡುಗೆ ಥರ್ಮಾಮೀಟರ್ ಇದ್ದವರು 74 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ.

ಇದು ಫಾರಂ ಕೋಳಿಯ ಲೆಕ್ಕ. ನಾಟಿ ಕೋಳಿಯಾದರೆ ಈ ಹಂತವನ್ನು ಕುಕ್ಕರ್‌ನಲ್ಲಿ ಮಾಡಿ, ಎಳೆಯದಾದರೆ 3 ಸೀಟಿ, ಬಲಿತದ್ದಾದರೆ 5. ಹಣ್ಣು ಮಾತ್ರ ಕುಕ್ಕರ್‌ಗೆ ಹಾಕಬೇಡಿ. ನಾನು ಮೊದಲ ಸಲ ಜಾಣತನ ಮಾಡಿ ಎಲ್ಲವನ್ನೂ ಒಟ್ಟಿಗೆ ಕುಕ್ಕರ್‌ಗೆ ತುಂಬಿದ್ದೆ. ಮೂರನೇ ಸೀಟಿಗೇ ಸೀದ ವಾಸನೆ. ಮುಚ್ಚಳ ತೆಗೆದರೆ ಹಣ್ಣಿನ ಸುಳಿವೇ ಇಲ್ಲ, ಎಲ್ಲ ಕರಗಿ ತಳದಲ್ಲಿ ಕರಿ ಪಾಕವಾಗಿ ಅಂಟಿಕೊಂಡಿತ್ತು. ಆ ಕುಕ್ಕರ್ ತಿಕ್ಕಲು ಎರಡು ದಿನ ನೆನೆಸಿಡಬೇಕಾಯಿತು.

ಹಂತ 6: ಹುಳಿ ಮೊದಲು, ಹಣ್ಣು ಆಮೇಲೆ

ಇಡೀ ಅಡುಗೆಯಲ್ಲಿ ಇದೇ ಮುಖ್ಯ. ಕೋಳಿ ಬೆಂದಿದೆ, ಹಣ್ಣು ಇನ್ನೂ ಬಟ್ಟಲಿನಲ್ಲೇ ಇದೆ. ಈಗ ರಸದ ರುಚಿ ನೋಡಿ. ಹುಳಿ, ಉಪ್ಪು, ಖಾರ ಮೂರೂ ನಿಮಗೆ ಬೇಕಾದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿಯೇ ಅನ್ನಿಸಬೇಕು. ಅನ್ನಿಸದಿದ್ದರೆ ಉಳಿದ ವಿನೆಗರನ್ನು ಚಮಚ ಚಮಚವಾಗಿ ಸೇರಿಸಿ. ಹಣ್ಣು ಬಿದ್ದ ಮೇಲೆ ಆ ಜಾಸ್ತಿ ಇಳಿದು ಸಮಕ್ಕೆ ಬರುತ್ತದೆ. ಈಗಲೇ ಸಮ ಇದ್ದರೆ ಆಮೇಲೆ ಸಿಹಿ ಗೆಲ್ಲುತ್ತದೆ.

ಈಗ ಸೋಸಿಟ್ಟ ಹಣ್ಣಿನ ನೀರು ಅರ್ಧ ಲೋಟ ಹಾಕಿ ಎರಡು ನಿಮಿಷ ಕುದಿಸಿ. ಆಮೇಲೆ ಹಣ್ಣುಗಳನ್ನು ಕೋಳಿ ತುಂಡಿನ ಮಧ್ಯೆ ಮಧ್ಯೆ ಕೂರಿಸಿ. ಸೌಟು ಹಾಕಿ ಕಲಕಬೇಡಿ, ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ಒಮ್ಮೆ ಅಲುಗಿಸಿ. ಮುಚ್ಚಿ, ಸಣ್ಣ ಉರಿಯಲ್ಲಿ ಕಂದು ಹಣ್ಣಿಗೆ 8 ನಿಮಿಷ, ಕಿತ್ತಳೆ ಹಣ್ಣಿಗೆ 5. ಹಣ್ಣು ಚಮಚಕ್ಕೆ ಸುಲಭವಾಗಿ ತುಂಡಾಗಬೇಕು, ಆದರೆ ತಟ್ಟೆಯಲ್ಲಿ ಹಣ್ಣಾಗಿಯೇ ಕಾಣಬೇಕು.

ಬೆಲ್ಲದ ವಿಚಾರ ಈಗ. ಕಂದು ಹಣ್ಣು ಹಾಕಿದ್ದರೆ ಬೆಲ್ಲ ಬೇಕಾಗುವುದೇ ಕಡಿಮೆ. ಕಿತ್ತಳೆ ಹಣ್ಣಾದರೆ ಅರ್ಧ ಚಮಚ ಬೇಕಾಗಬಹುದು. ಪಾಕವಿಧಾನದಲ್ಲಿ ಬರೆದಿದೆ ಅಂತ ಹಾಕಬೇಡಿ, ನಾಲಿಗೆ ಕೇಳಿದರೆ ಮಾತ್ರ ಹಾಕಿ.

ರಸದ ಹದ ಹೇಗೆ ತಿಳಿಯುವುದು? ಚಮಚದ ಬೆನ್ನನ್ನು ರಸದಲ್ಲಿ ಅದ್ದಿ, ಬೆರಳಿನಿಂದ ಅದರ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಎರಡು ಕ್ಷಣ ನಿಂತು ಆಮೇಲೆ ನಿಧಾನವಾಗಿ ಮುಚ್ಚಿಕೊಂಡರೆ ಸರಿ. ಹಾಗೇ ನಿಂತುಬಿಟ್ಟರೆ ಗಟ್ಟಿಯಾಯಿತು, ಕಾಲು ಲೋಟ ಬಿಸಿ ನೀರು ಸೇರಿಸಿ.

ಒಲೆ ಆರಿಸಿ 15 ನಿಮಿಷ ಮುಚ್ಚಿಡಿ. ಹಣ್ಣು ರಸ ಹೀರಿಕೊಳ್ಳುವುದು ಈ ಹೊತ್ತಿನಲ್ಲೇ.

ಹಂತ 7: ಸಲ್ಲಿ

ಸಲ್ಲಿ ಅಂದರೆ ಕಡ್ಡಿ. ಬೆಂಕಿಕಡ್ಡಿಗಿಂತ ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಕರಿದ ಆಲೂಗಡ್ಡೆ. ಇದನ್ನು ಬಡಿಸುವಾಗ ಮೇಲೆ ಸುರಿಯುತ್ತಾರೆ. ಮುಂಬೈಯಲ್ಲಿ ಪೊಟ್ಟಣವೇ ಸಿಗುತ್ತದೆ, ಬೇರೆ ಕಡೆ ಚಿಪ್ಸ್ ಅಂಗಡಿಯಲ್ಲಿ ಬರೀ ಉಪ್ಪು ಹಾಕಿದ ಆಲೂ ಕಡ್ಡಿ ಸಿಕ್ಕರೆ ಅದೇ ಸಾಕು. ಖಾರ ಮಸಾಲೆ ಉದುರಿಸಿದ್ದು ಬೇಡ.

ಮನೆಯಲ್ಲೇ ಮಾಡುವುದಾದರೆ ಹೆಚ್ಚಿದ ಕಡ್ಡಿಗಳನ್ನು ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಪಿಷ್ಟ ಹೋಗದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಪ್ಪು ನೀರಿನಲ್ಲಿ 15 ನಿಮಿಷ ಬಿಟ್ಟು, ಬಸಿದು, ಬಟ್ಟೆಯ ಮೇಲೆ ಹರವಿ ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ಎಣ್ಣೆ ಉಕ್ಕಿ ಒಲೆಯ ಮೇಲೆ ಬರುತ್ತದೆ, ಹುಷಾರು. ಒಂದೊಂದೇ ಹಿಡಿ ಹಾಕಿ ಕರಿಯಿರಿ. ಗುಳ್ಳೆ ಏಳುವುದು ಕಡಿಮೆಯಾಗಿ, ಜಾಲರಿ ಸೌಟಿಗೆ ತಗಲಿದಾಗ ಸದ್ದು ಬಂದರೆ ತೆಗೆಯಿರಿ.

ಆಲೂಗಡ್ಡೆ ಚೆನ್ನಾಗೇ ಇದೆ, ಆದರೂ ಕರಿದರೆ ಬೇಗ ಕಂದಾಗಿ ಸೀದ ರುಚಿ ಬರುತ್ತದೆ ಅಂತ ದೂರುವವರು ಬಹಳ. ಅದು ಕೋಲ್ಡ್ ಸ್ಟೋರೇಜ್‌ನಲ್ಲಿ ಅಥವಾ ನಿಮ್ಮ ಫ್ರಿಜ್‌ನಲ್ಲಿ ಇದ್ದ ಆಲೂಗಡ್ಡೆ. ತಣ್ಣಗಿನ ಜಾಗದಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಬೇಗ ಕಂದುತ್ತದೆ. ಹಾಸನದ ಹೊಸ ಬೆಳೆ ಮಾರುಕಟ್ಟೆಗೆ ಬಂದಾಗ ಕರಿದು ನೋಡಿ, ವ್ಯತ್ಯಾಸ ಕಾಣುತ್ತದೆ. ಕರಿಯಲು ಮನಸ್ಸಿಲ್ಲದಿದ್ದರೆ ಈ ಹಂತ ಬಿಟ್ಟುಬಿಡಿ. ಸಲ್ಲಿ ಇಲ್ಲದೆಯೂ ಇದು ಪೂರ್ತಿ ಅಡುಗೆಯೇ.

ಕೆಟ್ಟರೆ ಏನು ಮಾಡುವುದು

ಸಿಹಿ ಜಾಸ್ತಿಯಾದರೆ ಖಾರದ ಪುಡಿಗೆ ಕೈ ಹಾಕಬೇಡಿ. ಸಿಹಿ ಖಾರ ಎರಡೂ ಜಾಸ್ತಿಯಾಗಿ ಬಾಟಲಿ ಸಾಸ್ ಥರ ಆಗುತ್ತದೆ. ಮೊದಲು ಒಂದು ಚಿಟಿಕೆ ಉಪ್ಪು, ಆಮೇಲೆ ಅರ್ಧ ಚಮಚ ವಿನೆಗರ್, ರುಚಿ ನೋಡಿ ಇನ್ನರ್ಧ. ಉಪ್ಪು ಸ್ವಲ್ಪ ಏರಿದರೆ ಸಿಹಿ ತಾನಾಗಿ ಹಿಂದೆ ಸರಿಯುವುದು ಉಂಟು.

ಹುಳಿ ಜಾಸ್ತಿಯಾದರೆ ಒಂದೆರಡು ಹಣ್ಣನ್ನು ಅಲ್ಲೇ ಕಿವುಚಿ ರಸಕ್ಕೆ ಸೇರಿಸಿ. ನೀರಾದರೂ ಇದೇ ಉಪಾಯ. ಅದಕ್ಕೂ ಬಗ್ಗದಿದ್ದರೆ ಕೋಳಿ, ಹಣ್ಣು ತೆಗೆದಿಟ್ಟು ರಸವನ್ನು ಮಾತ್ರ ಜೋರು ಉರಿಯಲ್ಲಿ ಕುದಿಸಿ. ಜೋಳದ ಹಿಟ್ಟು, ಮೈದಾ ಕಲಸಿ ಹಾಕಬೇಡಿ.

ತಳ ಹಿಡಿದರೆ ಕೆರೆಯಬೇಡಿ. ಮೇಲಿನದನ್ನು ಹಾಗೇ ಬೇರೆ ಪಾತ್ರೆಗೆ ಬಗ್ಗಿಸಿ.

ಹಣ್ಣು ಬದಲಿಸಬಹುದಾ?

ಒಣ ಆಲೂಬುಖಾರ ಚೆನ್ನಾಗಿ ಹೊಂದುತ್ತದೆ. ಒಣ ಅಂಜೂರ ಬರೀ ಸಿಹಿ, ಬೀಜ ಬೀಜವಾಗಿ ರಸ ಕೆಡಿಸುತ್ತದೆ, ನನಗೆ ಹಿಡಿಸಿಲ್ಲ. ವಿಜಯಪುರದ ಒಣದ್ರಾಕ್ಷಿ ಒಂದು ಹಿಡಿ ಜರ್ದಾಳು ಜೊತೆಗೆ ಹಾಕಬಹುದು, ಅದರ ಬದಲಿಗೆ ಅಲ್ಲ.

ಅನಾನಸ್ ಹಾಕಲು ಹೊರಟವರು ಒಂದು ವಿಷಯ ತಿಳಿದಿರಿ. ಹಸಿ ಅನಾನಸ್‌ನಲ್ಲಿ ಬ್ರೋಮೆಲಿನ್ ಅನ್ನುವ ಕಿಣ್ವ ಇದೆ. ಕಿಣ್ವ ಅಂದರೆ ಮಾಂಸದ ನಾರನ್ನು ಒಡೆಯುವ ಅಂಶ ಅಂದುಕೊಳ್ಳಿ. ಅದರ ರಸದಲ್ಲಿ ಕೋಳಿಯನ್ನು ಗಂಟೆಗಟ್ಟಲೆ ನೆನೆಸಿಟ್ಟರೆ ಹಿಟ್ಟಾಗುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ. ಅಂದರೆ ಕೊನೆಯಲ್ಲಿ ಹಾಕಿ ಕುದಿಸಿದರೆ ತೊಂದರೆ ಇಲ್ಲ. ಆದರೆ ಆಗ ಅದು ಜರ್ದಾಳು ಮರ್ಘಿ ಅಲ್ಲ, ನಿಮ್ಮದೇ ಹೊಸ ಅಡುಗೆ.

ಮಟನ್‌ನಲ್ಲಿ ಮಾಡುವವರು ಹಂತ 5ರಲ್ಲಿ ಕುಕ್ಕರ್ ಹಿಡಿದು ಮೆತ್ತಗೆ ಬೇಯಿಸಿಕೊಳ್ಳಿ, 6ರಿಂದ ಇದೇ ಕ್ರಮ. ಪಾರ್ಸಿಗಳ ಜರ್ದಾಳು ಸಲ್ಲಿ ಬೋಟಿ ಅಂದರೆ ಅದೇ. ರುಚಿ ಗಾಢ, ಹೊಟ್ಟೆಗೆ ಭಾರ. ಹಗುರ ಊಟ ಬೇಕು ಅಂದವರಿಗೆ ಕೋಳಿಯೇ ಸರಿ.

ಬಡಿಸುವಾಗ

ಪಾರ್ಸಿ ಮನೆಗಳಲ್ಲಿ ಜೊತೆಗೆ ರೋಟ್ಲಿ, ಅಂದರೆ ತೆಳ್ಳನೆ ಚಪಾತಿ, ಇಲ್ಲವೇ ಪಾವ್. ಪಕ್ಕದಲ್ಲಿ ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ ಹೆಚ್ಚಿ ನಿಂಬೆ ಹಿಂಡಿದ ಕಚುಂಬರ್. ನಮ್ಮ ಕಡೆಯದರಲ್ಲಿ ನೀರುದೋಸೆಯಷ್ಟು ಚೆನ್ನಾಗಿ ಬೇರೆ ಯಾವುದೂ ಹೊಂದಲಿಲ್ಲ, ಅದರ ಸಪ್ಪೆ ಮೈ ಈ ರಸವನ್ನು ಚೆನ್ನಾಗಿ ಹೀರುತ್ತದೆ. ಅಕ್ಕಿರೊಟ್ಟಿಯೂ ಸರಿ. ಮುದ್ದೆಗೆ ಬೇಡ, ಮುದ್ದೆ ಕೇಳುವುದು ಖಾರದ ಸಾರನ್ನು.

ಸಲ್ಲಿಯನ್ನು ಪಾತ್ರೆಗೆ ಸುರಿಯಬೇಡಿ. ಪ್ರತಿ ತಟ್ಟೆಯಲ್ಲಿ ಕೋಳಿ, ಹಣ್ಣು, ರಸ ಬಡಿಸಿದ ಮೇಲೆ ಒಂದೊಂದು ಹಿಡಿ ಮೇಲೆ ಹಾಕಿ. ಐದು ನಿಮಿಷಕ್ಕೆ ಮೆತ್ತಗಾಗುತ್ತದೆ, ಹಾಗಾಗಿ ತಿನ್ನುವವರು ಕೂತ ಮೇಲೆ ಹಾಕಿ.

ಉಳಿದರೆ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಮರುದಿನ ನೋಡಿದರೆ ಹಣ್ಣೆಲ್ಲ ರಸ ಕುಡಿದು ದಪ್ಪಗಾಗಿ, ಪಾತ್ರೆಯಲ್ಲಿ ರಸ ಅರ್ಧ ಆಗಿರುತ್ತದೆ. ಕಾಲು ಲೋಟ ನೀರು, ನಾಲ್ಕು ಹನಿ ವಿನೆಗರ್ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಹಣ್ಣು ಎಣಿಸಿಟ್ಟಿರಿ. ನಮ್ಮ ಮನೆಯಲ್ಲಿ ರಾತ್ರಿ ಉಳಿದಷ್ಟು ಹಣ್ಣು ಬೆಳಿಗ್ಗೆಗೆ ಯಾವತ್ತೂ ಇರುವುದಿಲ್ಲ, ಕೋಳಿ ಮಾತ್ರ ಲೆಕ್ಕಕ್ಕೆ ಸರಿಯಾಗಿರುತ್ತದೆ.